ಗಾಣದೆತ್ತು ಮತ್ತು ಏಕಪಾಠಿ

ಮುಖ್ಯೋಪಾಧ್ಯಾಯಿನಿ ಮೊದಲು ಬಾಗಿಲು ಮುಚ್ಚಿದರು. ಆಮೇಲೆ ಹುಡುಗಿಗೆ ಕುಳಿತುಕೊಳ್ಳಲು ಹೇಳಿದರು. ಬೈಸಿಕೊಳ್ಳಲು ಬಂದವರನ್ನು ಆ ಕೋಣೆಯಲ್ಲಿ ಯಾರೂ ಕೂರಿಸುತ್ತಿರಲಿಲ್ಲ. ಆ ಮರ್ಯಾದೆಗೇ ಹೆದರಿ ಹುಡುಗಿ ಕುರ್ಚಿಯ ಅಂಚಿನಲ್ಲಿ ಕುಳಿತಳು.

ಮೇಜಿನ ಮೇಲೆ ಎರಡು ವಿಜ್ಞಾನದ ಉತ್ತರ ಪತ್ರಿಕೆಗಳಿದ್ದವು. ಮೇಡಂ ಒಂದನ್ನು ಎತ್ತಿ ಓದಿದರು. "ಹೃದಯದ ಕವಾಟ ಬಚ್ಚಲಮನೆಯ ಬಾಗಿಲಿದ್ದ ಹಾಗೆ. ಆಚೆಯಿಂದ ತಳ್ಳಿದರೆ ತೆರೆಯುತ್ತದೆ, ಈಚೆಯಿಂದ ತಳ್ಳಿದರೆ ಮುಚ್ಚಿಕೊಳ್ಳುತ್ತದೆ." ಓದಿ ತಲೆಯೆತ್ತಿದರು. "ಇದು ಯಾವ ಪುಸ್ತಕದಲ್ಲಿದೆಯಮ್ಮ?"

"ಯಾವುದರಲ್ಲೂ ಇಲ್ಲ ಮೇಡಂ. ನಾನೇ ಮಾಡ್ಕೊಂಡಿದ್ದು."

"ಇದು ನಿನ್ನ ಪತ್ರಿಕೆ ಅಲ್ಲ. ಅವಳದು."

ಅವಳು ಎಂದರೆ ಏಕಪಾಠಿ. ಒಮ್ಮೆ ಕಿವಿಗೆ ಬಿದ್ದದ್ದನ್ನು ಮರೆಯುವವಳಲ್ಲ ಎಂದು ಮೇಷ್ಟರುಗಳೇ ಇಟ್ಟ ಹೆಸರು. ಅವಳು ಪುಸ್ತಕ ಬಿಡಿಸಿದ್ದನ್ನು ತರಗತಿಯಲ್ಲಿ ಕಂಡವರಿಲ್ಲ. ಬಿಡುವಿನಲ್ಲಿ ನಲ್ಲಿಯ ಕಟ್ಟೆಯ ಮೇಲೆ ಒಬ್ಬಳೇ ಕೂತಿರುತ್ತಿದ್ದಳು. ಅಷ್ಟು ಬುದ್ಧಿ ಇದ್ದವರಿಗೆ ಗೆಳತಿಯರು ಯಾತಕ್ಕೆ ಎಂದು ಎಲ್ಲರೂ ಸುಮ್ಮನಿದ್ದರು. ಹುಡುಗಿಗಿದ್ದ ಹೆಸರು ಗಾಣದೆತ್ತು. ಸುತ್ತಿದ ಜಾಗದಲ್ಲೇ ಸುತ್ತುವುದು. ಅಂಕಗಳಲ್ಲಿ ಇಬ್ಬರಿಗೂ ಕೂದಲೆಳೆಯ ಅಂತರ. ಆದರೂ ಒಬ್ಬಳದು ಹುಟ್ಟಿನಿಂದ ಬಂದದ್ದು, ಇನ್ನೊಬ್ಬಳದು ಬರೀ ಬೆವರು.

ಮಲಿನ ರಕ್ತ ಹೃದಯದ ಬಲಕ್ಕೆ ಬರುತ್ತದೆ ಎನ್ನುವ ಕಡೆ ಇಬ್ಬರೂ ಎಡಕ್ಕೆ ಎಂದು ಬರೆದಿದ್ದರು. ತಪ್ಪೂ ಒಂದೇ, ಬಚ್ಚಲ ಬಾಗಿಲೂ ಒಂದೇ. ಪರೀಕ್ಷೆಯಲ್ಲಿ ಏಕಪಾಠಿ ಮುಂದಿನ ಬೆಂಚು, ಗಾಣದೆತ್ತು ಹಿಂದಿನದು. ಯಾರು ಯಾರದನ್ನು ನೋಡಿರಬಹುದೆಂದು ಕೇಳುವ ಅಗತ್ಯವೇ ಇರಲಿಲ್ಲ. ಇದು ನಕಲೆಂದು ತೀರ್ಮಾನವಾದರೆ ಹುಡುಗಿಗೆ ಈ ವರ್ಷ ವಾರ್ಷಿಕ ಪರೀಕ್ಷೆ ಇಲ್ಲ. ಈ ವರ್ಷ ತಪ್ಪಿದರೆ ತನ್ನ ಜೊತೆ ಲಾಂಡ್ರಿ ಕೆಲಸಕ್ಕೆ ಬರುವುದೇ ಎಂದು ಅಮ್ಮ ಆಗಲೇ ಹೇಳಿಯಾಗಿತ್ತು.

"ಕೊನೆಯ ಪ್ರಶ್ನೆ, ಮೂತ್ರಪಿಂಡದ್ದು, ನೀನು ಚೆನ್ನಾಗಿಯೇ ಬರೆದಿದ್ದೀಯ," ಎಂದರು ಮೇಡಂ, ನೀರಿನ ಲೋಟವನ್ನು ಅವಳ ಕಡೆ ಸರಿಸುತ್ತಾ. "ಅವಳು ಖಾಲಿ ಬಿಟ್ಟಿದ್ದಾಳೆ. ಹೊತ್ತು ಸಾಲಲಿಲ್ಲವೇನೋ, ಪಾಪ."

ಹುಡುಗಿ ನೀರು ಕುಡಿದಳು. ತನಗೇ ತಿಳಿಯದೆ ಮುಂದಿನ ಬೆಂಚಿನತ್ತ ಕಣ್ಣು ಹಾಯಿಸಿದ್ದೆನೇ ಎಂಬ ಅನುಮಾನ ಅವಳಿಗೂ ಹುಟ್ಟಿತು. ಊರೆಲ್ಲಾ ಕಳ್ಳಿ ಅಂದರೆ ತನ್ನ ಕೈಯನ್ನು ತಾನೇ ಮುಟ್ಟಿ ನೋಡಿಕೊಳ್ಳುವಂತಾಗುತ್ತದೆ.

ಆದರೆ ಆ ಬಚ್ಚಲ ಬಾಗಿಲು ಹುಡುಗಿಯ ಮನೆಯದು. ಒಂದೇ ಕೋಣೆ, ಮೂಲೆಯಲ್ಲಿ ಬಚ್ಚಲು. ಅಮ್ಮನಿಗೆ ಮಧ್ಯಾಹ್ನದ ಪಾಳಿ. ಹುಡುಗಿ ಶಾಲೆಯಿಂದ ಬರುವಾಗ ಮನೆಗೆ ಬೀಗ. ಒಳಗಿನ ಮೌನ ಮೈಮೇಲೆ ಬಂದಂತಾಗಿ ಅವಳು ಗಟ್ಟಿಯಾಗಿ ಓದುತ್ತಿದ್ದಳು. ಪಾಠ ತಲೆಗೆ ಹತ್ತಲೆಂದಲ್ಲ, ಮನೆಯಲ್ಲಿ ಒಂದು ದನಿ ಇರಲೆಂದು. ಗೋಡೆಯನ್ನೇ ವಿದ್ಯಾರ್ಥಿ ಮಾಡಿಕೊಂಡು, ಅರ್ಥವಾಯಿತೇ ಎಂದು ಕೇಳಿ, ಆಗಲಿಲ್ಲವೆಂದು ತಾನೇ ಅಂದುಕೊಂಡು, ಮತ್ತೆ ಮೊದಲಿನಿಂದ ಹೇಳುತ್ತಿದ್ದಳು.

ಅದು ಯಾರದೋ ದೊಡ್ಡ ಮನೆಯ ಹಿಂಗೋಡೆ. ಆ ಮನೆಯ ಮುಂಬಾಗಿಲು ಆಚೆ ರಸ್ತೆಗಿತ್ತು. ಅಲ್ಲಿ ಯಾರಿದ್ದಾರೆಂದು ಈ ಓಣಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಪರೀಕ್ಷೆ ಹತ್ತಿರ ಬಂದಾಗ, ಗಂಟಲು ಕಟ್ಟಿ ಅವಳ ದನಿ ಇಳಿದಿದ್ದ ಒಂದು ಸಂಜೆ, ಆ ಕಡೆಯಿಂದ ಯಾರೋ ಗೋಡೆ ತಟ್ಟಿದರು. ಅವಳು ದನಿಯನ್ನು ಇನ್ನೂ ತಗ್ಗಿಸಿದಳು. ಮತ್ತೆ ತಟ್ಟಿದರು, ಇನ್ನೂ ಜೋರಾಗಿ. ಇಷ್ಟು ಸದ್ದಿಗೂ ತನಗೆ ಜಾಗವಿಲ್ಲ ಎಂದುಕೊಂಡು ಅವಳು ಬಾಯಿ ಮುಚ್ಚಿದಳು. ಉಳಿದಿದ್ದ ಒಂದು ಪಾಠವನ್ನು ತುಟಿ ಅಲುಗಿಸದೆ ಓದಿ ಮುಗಿಸಿದಳು.

ಇದನ್ನೆಲ್ಲಾ ಮೇಡಂ ಮುಂದೆ ಹೇಳುವುದು ಹೇಗೆ? ಗೋಡೆ ಬಂದು ಸಾಕ್ಷಿ ನುಡಿಯುತ್ತದೆಯೇ? "ನಾನು ನೋಡಿ ಬರೆದಿಲ್ಲ ಮೇಡಂ," ಎಂದಷ್ಟೇ ಅಂದಳು.

ಮೇಡಂ ನಿಟ್ಟುಸಿರಿಟ್ಟು ಏಕಪಾಠಿಗೆ ಹೇಳಿಕಳಿಸಿದರು. ಅವಳು ಬಂದು ಎರಡೂ ಪತ್ರಿಕೆಗಳನ್ನು ನೋಡಿದಳು. ಬಚ್ಚಲ ಬಾಗಿಲಿನ ಸಾಲು ಓದಿದಳು. ಆಮೇಲೆ ಹುಡುಗಿಯ ಮುಖವನ್ನು, ಈವರೆಗೆ ಕಂಡೇ ಇಲ್ಲದವಳಂತೆ, ಬಹಳ ಹೊತ್ತು ನೋಡಿದಳು.

"ನೀನೇನಾ?" ಎಂದಳು ಮೆಲ್ಲಗೆ. "ಮೂತ್ರಪಿಂಡದ ಪಾಠ ಯಾಕೆ ಓದಲಿಲ್ಲ ನೀನು?"

"ಓದಿದೆ. ಮನಸ್ಸಿನಲ್ಲೇ." ಹುಡುಗಿ ಲೋಟವನ್ನು ಮೇಜಿನ ಮೇಲಿಟ್ಟಳು. "ಗೋಡೆ ತಟ್ಟಿದರಲ್ಲ, ಅದಕ್ಕೆ."

ಏಕಪಾಠಿಯ ಕಣ್ಣು ತುಂಬಿತು. "ನಮ್ಮನೇಲೂ ಯಾರೂ ಇರಲ್ಲ ಕಣೇ. ಜೋರಾಗಿ ಓದು ಅಂತ ತಟ್ಟಿದ್ದು."