ಒತ್ತಿದರೆ ಹೋಗುತ್ತೆ

ಚಹಾದ ಲೋಟ ಹಿಡಿದು ಕೆಲಸದ ಕೋಣೆಗೆ ಬಂದವಳಿಗೆ ಕಂಡದ್ದು ಕಪ್ಪು ಪರದೆ, ಅದರ ಮೂಲೆಯಲ್ಲಿ ಎರಡು ಸಾಲು ಬಿಳಿ ಇಂಗ್ಲಿಷು. ದಿನಾ ಈ ಹೊತ್ತಿಗೆ ಅಲ್ಲಿ ಅವಳ ಹೂಗಳಿರುತ್ತಿದ್ದವು. ಕಸೂತಿ ಯಂತ್ರಗಳಿಗೆ ವಿನ್ಯಾಸ ಮಾಡಿಕೊಡುವುದು ಅವಳ ಕಸುಬು. ಸೂಜಿ ಎಲ್ಲಿ ಇಳಿಯಬೇಕು, ಎಲ್ಲಿ ಏಳಬೇಕು ಎಂದು ಒಂದೊಂದು ಎಸಳಿಗೂ ಕಣ್ಣು ಕೀಲಿಸಿ ಕೂರಬೇಕು. ಇಷ್ಟು ವರ್ಷ ಬೇರೆಯವರ ಹೆಸರಿಗೆ ದುಡಿದವಳಿಗೆ ಮೊದಲ ಸಲ ಒಂದು ಬಟ್ಟೆ ಕಂಪನಿ, 'ನಿಮ್ಮ ಹೆಸರಲ್ಲೇ ತರೋಣ' ಎಂದಿತ್ತು. ಸೋಮವಾರ ಒಪ್ಪಿಸಬೇಕು. ಇಂದು ಶನಿವಾರ.

ಫೋನ್ ಮಾಡಿದ ಮೇಲೆ ರಿಪೇರಿಯವನು ಬಂದು ಕಂಪ್ಯೂಟರಿನ ಪಕ್ಕದ ತಗಡು ಬಿಚ್ಚಿದ. ವೈರು ಕಿತ್ತು ಮತ್ತೆ ಸಿಕ್ಕಿಸಿದ, ತನ್ನ ಚೀಲದಿಂದ ಬೇರೆ ವೈರು ತೆಗೆದು ಹಾಕಿ ನೋಡಿದ. ಪರದೆಯ ಮೇಲೆ ಅದೇ ಎರಡು ಸಾಲು. ಕೊನೆಗೆ ಹಾರ್ಡ್ ಡಿಸ್ಕಿನ ಹತ್ತಿರ ಕಿವಿ ಒಯ್ದ. ಒಳಗಿನಿಂದ ಟಕ್, ಟಕ್ ಎಂದು ಸದ್ದು ಬರುತ್ತಿತ್ತು. ಅವನು ಥಟ್ಟನೆ ಸ್ವಿಚ್ಚು ಆರಿಸಿದ.

"ಈ ಮೆಸೇಜು ಇವತ್ತೇ ಮೊದಲ್ನೇ ಸಲ ಬಂದಿದ್ದಾ ಮೇಡಂ?"

"ಹೌದು. ನಿನ್ನೆವರೆಗೂ ಚೆನ್ನಾಗೇ ಇತ್ತಲ್ಲ!"

"ಇಲ್ಲ ಇಲ್ಲ, ಅದು ದಿನಾ ಬರುತ್ತೆ," ಎಂದ ಬಾಗಿಲಿಗೆ ಒರಗಿ ನಿಂತಿದ್ದ ಗಂಡ, ಎಲ್ಲ ಬಲ್ಲವನ ಠೀವಿಯಲ್ಲಿ. "ಎಫ್ ಒನ್ ಕೀ ಒತ್ತಿದ್ರೆ ಹೋಗುತ್ತೆ. ಮೂರು ತಿಂಗಳಿಂದ ನಾನೇ ಒತ್ತಾ ಇದ್ದೀನಿ. ಇವತ್ತು ಯಾಕೋ ಒತ್ತಿದ್ರೂ ಹೋಗ್ತಿಲ್ಲ."

ಬಂಗಾರದಂಥ ಗಂಡ ಎಂದು ನೆಂಟರಿಷ್ಟರೆಲ್ಲ ಹೊಗಳುವ ಗಂಡಸು ಅವನು. ಬೈಯಬೇಕೆಂದರೂ ಹಿಡಿಯಲು ಒಂದು ಎಳೆ ಸಿಗದಷ್ಟು ಒಳ್ಳೆಯವನು. ಬೆಳಗ್ಗೆ ತಾನು ಮೊದಲು ಎದ್ದು, ಅವಳು ಕಾಯಬಾರದೆಂದು ಕಂಪ್ಯೂಟರು ಹಚ್ಚಿ, ಕುರ್ಚಿಯ ಧೂಳು ಕೂಡ ಒರೆಸಿ ಇಡುತ್ತಿದ್ದ. ಅವಳು ಬರುವಷ್ಟರಲ್ಲಿ ಎಲ್ಲ ಸಿದ್ಧ. ಹೀಗಾಗಿ ಆ ಎರಡು ಸಾಲು ಅವಳ ಕಣ್ಣಿಗೆ ಬಿದ್ದೇ ಇರಲಿಲ್ಲ.

"ಕೈಕೊಡೋ ಮುಂಚೆ ಡಿಸ್ಕು ತಾನಾಗೇ ಹೇಳುತ್ತೆ ಸರ್," ಎಂದ ರಿಪೇರಿಯವನು, ಮೆಲ್ಲಗೆ. "'ಇನ್ನು ನನ್ನನ್ನ ನಂಬಬೇಡಿ, ಇರೋದನ್ನೆಲ್ಲ ಬೇರೆ ಕಡೆ ತೆಗೆದಿಟ್ಕೊಳ್ಳಿ' ಅಂತ. ಅದೇ ಈ ಮೆಸೇಜು."

ಅವಳು ಗಂಡನ ಕಡೆ ತಿರುಗಿದಳು. "ನೀವು ಇದನ್ನ ಓದಿದ್ರಾ?"

"ಓದದೆ ಏನು? ನನಗೆ ಇಂಗ್ಲಿಷ್ ಬರಲ್ವಾ?"

"ಓದಿಯೂ ಸುಮ್ಮನಿದ್ರಾ?"

"ಹೇಳಿದ್ರೆ ಅದನ್ನೇ ತಲೆಗೆ ಹಚ್ಕೊಂಡು ಕೂತ್ಬಿಡ್ತಿದ್ದೆ ನೀನು. ಕೆಲಸದ ಮಧ್ಯೆ ಯಾಕೆ ಸುಮ್ಮನೆ ತಲೆಬಿಸಿ ಅಂತ..."

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಕುಡಿಯದೆ ಕೈಯಲ್ಲೇ ತಣ್ಣಗಾಗಿದ್ದ ಲೋಟವನ್ನು ಮೇಜಿನ ಮೇಲೆ ಕುಕ್ಕಿದ ರಭಸಕ್ಕೆ ಚಹಾ ಚೆಲ್ಲಿತು. ಗಂಡ ಒಡನೆಯೇ ಒರೆಸುವ ಬಟ್ಟೆ ತಂದ. ಅದನ್ನು ನೋಡಿ ಅವಳ ಉರಿ ಇನ್ನಷ್ಟು ಏರಿತು.

"ಡಿಸ್ಕಿನೊಳಗಿರೋದನ್ನ ಹೊರಗೆ ತೆಗೆಯೋ ಜಾಗಕ್ಕೆ ಕಳಿಸ್ತೀನಿ. ಬಂದಷ್ಟು ಬರುತ್ತೆ, ಮಾತು ಕೊಡೋಕಾಗಲ್ಲ," ಎಂದ ರಿಪೇರಿಯವನು. "ಬೇರೆ ಕಡೆ ಕಾಪಿ ಏನಾದ್ರೂ ಇಟ್ಟಿದ್ದೀರಾ ಮೇಡಂ?"

"ಹಳೇದೆಲ್ಲ ಇದೆ. ಹೊಸ ಹೂ ಒಂದೂ ಇಲ್ಲ. ಅದಷ್ಟೂ ಈ ಮೂರು ತಿಂಗಳದ್ದು."

"ಹೋಗ್ಲಿ ಬಿಡೇ," ಗಂಡ ಮೇಜು ಒರೆಸುತ್ತಲೇ ಸಮಾಧಾನ ಹೇಳಿದ. "ಸೋಮವಾರಕ್ಕೆ ಆಗಲ್ಲ ಅಂತ ಕಂಪನಿಯವರಿಗೆ ನಾನೇ ಫೋನ್ ಮಾಡಿ ಹೇಳ್ತೀನಿ. ನಿನಗ್ಯಾಕೆ ಆ ತಾಪತ್ರಯ?"

"ನನ್ನ ಪರವಾಗಿ ಹೇಳೋಕೆ ನೀವ್ಯಾರ್ರೀ?" ಅವಳ ದನಿ ಬೀದಿಗೆ ಕೇಳುವಷ್ಟು ಏರಿತು. "ನನ್ನ ಬಾಯಿ ಬಿದ್ದುಹೋಗಿದೆಯಾ? ಇನ್ನೂ ಯಾರ್ಯಾರಿಗೆ ಏನೇನು ಹೇಳಿ ಕೂತಿದ್ದೀರಿ?"

ಸಿಟ್ಟಿನ ಭರದಲ್ಲಿ ಕೇಳಿದ ಮಾತು ಅದು, ಉತ್ತರಕ್ಕಾಗಿ ಕೇಳಿದ್ದಲ್ಲ. ಆದರೆ ಒರೆಸುತ್ತಿದ್ದ ಅವನ ಕೈ ನಿಂತುಬಿಟ್ಟಿತು. ರಿಪೇರಿಯವನು ತಲೆ ತಗ್ಗಿಸಿ ಡಿಸ್ಕಿನ ಸ್ಕ್ರೂ ಬಿಚ್ಚತೊಡಗಿದ.

"ಹೇಳಿ," ಎಂದಳು ಅವಳು.

"ನೀನು ಕೆಲಸದಲ್ಲಿರ್ತೀಯ ಅಂತ ನಿಮ್ಮಕ್ಕ ಹೋದ ವಾರ ನನಗೆ ಫೋನ್ ಮಾಡಿದ್ರು. ಏನೋ ಆಪರೇಷನ್ ಇತ್ತಂತೆ. ನೀನು ಬಂದು ಎರಡು ದಿನ ಜೊತೇಲಿದ್ರೆ ಧೈರ್ಯ, ಕೇಳಿ ನೋಡಿ ಅಂದ್ರು."

"ಯಾವಾಗ ಆಪರೇಷನ್ನು?"

"ಆಯ್ತು. ಮೊನ್ನೆ ಗುರುವಾರ. ಗಾಬರಿ ಆಗ್ಬೇಡ, ಚೆನ್ನಾಗೇ ಆಗಿದೆ. ನಾನು ವಿಚಾರಿಸ್ಕೊಂಡೆ."

"ಅಕ್ಕನಿಗೆ ಏನಂದ್ರಿ?"

ಅವನು ಬಟ್ಟೆಯನ್ನು ಮಡಚಿ ಇನ್ನೊಮ್ಮೆ ಮಡಚಿದ. "ನಿನಗೆ ಇಷ್ಟು ದೊಡ್ಡ ಕೆಲಸ ಬಂದಿತ್ತಲ್ಲ, ಕೆಡಬಾರದು ಅಂತ... 'ಅವಳನ್ನ ಕೇಳಿದೆ, ಈಗ ಬರೋಕಾಗಲ್ಲ ಅಂದಳು' ಅಂತ ಹೇಳಿದೆ."

ಅವಳು ತನ್ನ ಫೋನು ತೆಗೆದು ಅಕ್ಕನ ನಂಬರು ಹುಡುಕಿದಳು. ಸಿಟ್ಟಿನಲ್ಲಿ ಎರಡು ಸಲ ತಪ್ಪು ಕಡೆ ಒತ್ತಿದಳು.

"ತಾ ಇಲ್ಲಿ, ನಾನೇ ಮಾಡಿಕೊಡ್ತೀನಿ," ಎಂದು ಗಂಡ ಕೈ ಚಾಚಿದ.

"ಮುಟ್ಟಿ ನೋಡಿ!"

ಅವನು ಸುಟ್ಟುಕೊಂಡವನಂತೆ ಕೈ ಹಿಂದೆಳೆದುಕೊಂಡ. ಅವಳು ಫೋನನ್ನು ಕಿವಿಗೆ ಒತ್ತಿ ಹಿಡಿದಳು. ಒಂದು ರಿಂಗಾಯಿತು. ಎರಡಾಯಿತು. ಮೂರನೆಯದರ ನಡುವೆ ಅಕ್ಕ ಫೋನ್ ಕಟ್ ಮಾಡಿದಳು.