ಇಪ್ಪತ್ತು ಹೆಜ್ಜೆ ಅಂತರ

ಲಾಕ್‌ಡೌನ್ ಶುರುವಾಗಿ ತಿಂಗಳಾಗಿತ್ತು. ಫಕೀರವ್ವನ ಡಬ್ಬಿಯಲ್ಲಿ ಎರಡೇ ಎಚ್‌ಐವಿ ಮಾತ್ರೆಗಳು ಉಳಿದಿದ್ದವು. ಜಿಲ್ಲಾಸ್ಪತ್ರೆಯ ದಾರಿಗೆ ಅಡ್ಡ ನಿಂತಿದ್ದ ಪೊಲೀಸ್ ಪೇದೆಗೆ ಮೊನ್ನೆಯೂ ನಿನ್ನೆಯೂ, "ಸಕ್ಕರಿ ಬ್ಯಾನಿ ಗುಳಿಗಿ ತರಬೇಕ್ರಿ" ಎಂದಿದ್ದಳು.

"ಅವು ನಿಮ್ಮೂರಾಗ ಸಿಗ್ತಾವ, ನಡಿ" ಎಂದು ಅವನು ಎರಡು ಸಲವೂ ಲಾಠಿ ತೋರಿಸಿ ಅಟ್ಟಿದ್ದ.

ಇವತ್ತು ಬೇರೆ ದಾರಿಯಿರಲಿಲ್ಲ. ಹತ್ತು ವರ್ಷ ಸೀರೆಗಳ ಅಡಿಯಲ್ಲಿ ಬಚ್ಚಿಟ್ಟಿದ್ದ, ಎಚ್‌ಐವಿ ಚಿಕಿತ್ಸೆಯ ಹಸಿರು ಪುಸ್ತಕವನ್ನೇ ಅವನ ಕೈಗಿಟ್ಟಳು.

"ಮನಸಿನ್ಯಾಗ ಓದ್ಕೊರಿ ಸಾಹೇಬ್ರ. ಹಿಂದ ನಮ್ಮೂರ ಮಂದಿ ನಿಂತಾರ."

ಪೇದೆ ಒಂದು ಪುಟ ತಿರುವಿದ. ಆಮೇಲೆ ಇಡೀ ಸಾಲಿಗೆ ಕೇಳುವಂತೆ ಕೂಗಿದ: "ದೂರ ಸರೀರಿ ಎಲ್ಲಾರೂ! ಈಕಿಗೆ ಏಡ್ಸ್ ಐತಿ!"

ಸಾಲು ಇಪ್ಪತ್ತು ಹೆಜ್ಜೆ ಹಿಂದೆ ಸರಿಯಿತು. ತಿಂಗಳಿಂದ ಸರ್ಕಾರ ಕೈಮುಗಿದು ಬೇಡಿಕೊಂಡರೂ ಯಾರೂ ಬಿಡದಿದ್ದ ಅಂತರ ಅದು. ಫಕೀರವ್ವ ಸೆರಗನ್ನು ಕಣ್ಣಿನವರೆಗೂ ಎಳೆದುಕೊಂಡಳು.

ತನ್ನ ಮಾತು ಇನ್ನು ಯಾರ ಕಿವಿಗೂ ಬೀಳದೆಂದು ಖಾತ್ರಿಯಾದ ಮೇಲೆ ಪೇದೆ ಅಂಗಿಯೊಳಗಿಂದ ಇನ್ನೊಂದು ಹಸಿರು ಪುಸ್ತಕ ತೆಗೆದು, ಅವಳ ಪುಸ್ತಕದ ಅಡಿಗೆ ಸೇರಿಸಿ ಕೊಟ್ಟ.

"ಡ್ಯೂಟಿ ಬಿಟ್ಟು ಹೋಗಾಕ ಆಗವಲ್ದು ಯವ್ವಾ. ನಂದೂ ತಗೊಂಡು ಬಾ."