ತವರಿನ ದಾರಿಗೊಂದು ಡಿಟೆಕ್ಟರ್

ಸರ್ಕಾರದ ಪರವಾನಗಿ ಇಲ್ಲದೆ ಬಸಿರಾದ ದಾಕ್ಷಾಯಣಿಗೆ ಆರು ತಿಂಗಳು ತುಂಬಿತ್ತು. ಹೆರಿಗೆಗೆ ತವರು ಸೇರಬೇಕೆಂದರೆ ಹೆದ್ದಾರಿಯಲ್ಲಿ ಎದೆಬಡಿತ ಎಣಿಸುವ ರಾಡಾರ್‌ಗಳನ್ನು ದಾಟಬೇಕು. ಕಾರಿನಲ್ಲಿ ಕೂತವರ ಲೆಕ್ಕಕ್ಕಿಂತ ಒಂದು ಎದೆಬಡಿತ ಹೆಚ್ಚು ಕೇಳಿಸಿದರೂ ಪೊಲೀಸರು ಹೆಂಗಸನ್ನು ಇಳಿಸಿಕೊಂಡು, ಬಸಿರು ತೆಗೆಸಿ ಕಳಿಸುತ್ತಿದ್ದರು. ಅದಕ್ಕೇ, ರಾಡಾರ್ ಇರುವುದನ್ನು ಮೊದಲೇ ಕೂಗಿ ತಿಳಿಸುವ ಡಿಟೆಕ್ಟರ್ ಕೊಳ್ಳಲು, ಗಂಡ ಈರಪ್ಪ ಅವಳನ್ನು ಹುಬ್ಬಳ್ಳಿಯ ಮೆಹಬೂಬನ ಅಂಗಡಿಗೆ ಕರೆತಂದಿದ್ದ.

"ಅಗ್ಗದ ಡಿಟೆಕ್ಟರ್ ಬ್ಯಾಡ್ರಿ, ರಾಡಾರ್ ಎದುರಿಗೆ ಬಂದಮ್ಯಾಲೆ ಕೂಗತೈತಿ. ಇದು ಒಂದು ಕಿಲೋಮೀಟರ್ ಮೊದಲ ಕೂಗತೈತಿ. ಅಡ್ಡದಾರಿ ಹಿಡೀಬೌದು," ಎಂದ ಮೆಹಬೂಬ್, ಪರೀಕ್ಷಿಸಿ ತೋರಿಸಲು ಹಳೆಯ ರಾಡಾರೊಂದನ್ನು ಅವಳತ್ತ ಹಿಡಿದ. ಡಿಟೆಕ್ಟರ್ ಜೋರಾಗಿ ಕೂಗಿತು.

"ಇದನ್ನ ಕೊಡ್ರಿ," ಎಂದ ಈರಪ್ಪ.

ಮೆಹಬೂಬ್ ಕೊಡಲಿಲ್ಲ. ರಾಡಾರನ್ನು ಅವಳ ಹೊಟ್ಟೆಯ ಹತ್ತಿರವೇ ತಂದು ಮತ್ತೊಮ್ಮೆ ಹಿಡಿದ. ರಾಡಾರಿನ ಪರದೆಯ ಮೇಲೆ ಎದೆಬಡಿತ ಎರಡು ಎಂದಿರಬೇಕಿತ್ತು. ಒಂದು ಎಂದಿತ್ತು.

"ಅಕ್ಕಾರ, ಕೂಸು ಕಡೀಕ ಯಾವಾಗ ಮಿಸುಕಾಡಿತ್ತು?"

"ಮೊನ್ನೆ," ಎಂದಳು ದಾಕ್ಷಾಯಣಿ. ನಿದ್ದೆ ಮಾಡುತ್ತಿರಬೇಕೆಂದು ಎರಡು ದಿನದಿಂದ ತನಗೆ ತಾನೇ ಹೇಳಿಕೊಂಡಿದ್ದಳು.

ಮೆಹಬೂಬ್ ಡಿಟೆಕ್ಟರನ್ನು ಮತ್ತೆ ಡಬ್ಬಿಯೊಳಗಿಟ್ಟು ಕಪಾಟಿಗೆ ಸೇರಿಸಿದ.

ಕಾರು ಹತ್ತಿದ ಮೇಲೂ ಈರಪ್ಪ ಅಡ್ಡದಾರಿಗೇ ತಿರುಗಿಸಲು ಹೋದ. ಅವಳು ಅವನ ಕೈ ಹಿಡಿದಳು.

"ಹೆದ್ದಾರಿಲೇ ನಡೀರಿ. ಅವ್ವನ ಹತ್ರ ಲಗೂ ಮುಟ್ಟೂನು."

ದಾರಿಯುದ್ದಕ್ಕೂ ಅವರನ್ನು ಯಾರೂ ತಡೆಯಲಿಲ್ಲ.